ನಾಲ್ಕು ಕುಟುಂಬದ ಸಾಲುಮನೆ, ಎಂಟು ಮೊಂಡು ನಳ: ಬ್ರೂಕ್ಲಿನ್‌ನ ಒಂದು ನವೀಕರಣ ಪ್ರಕರಣ

ಮಾರಾಟದ ಹಾಳೆಯಲ್ಲಿದ್ದದ್ದು ಇಷ್ಟು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್, ಅಲ್ಲಿನ ಬೆಡ್‌ಫರ್ಡ್-ಸ್ಟೈವಸೆಂಟ್ ಬಡಾವಣೆ. 1890ರ ದಶಕದ ಬ್ರೌನ್‌ಸ್ಟೋನ್, ಅಂದರೆ ಕಂದು ಕಲ್ಲಿನ ಮುಂಭಾಗದ, ಸಾಲುಮನೆ. 20 ಅಡಿ ಅಗಲ, 45 ಅಡಿ ಆಳ, ನಾಲ್ಕು ಅಂತಸ್ತು, ಕೆಳಗೆ ನೆಲಮಾಳಿಗೆ, ಹಿಂದೆ ಅಂಗಳ. ನಾಲ್ಕು ಕುಟುಂಬಗಳಿಗೆ ಪರವಾನಗಿ ಇದೆ; ಮೂರು ಅಂತಸ್ತು ಖಾಲಿ, ಒಂದರಲ್ಲಿ ಬಾಡಿಗೆದಾರರಿದ್ದಾರೆ. ರಿಪೇರಿ ಮಾಡಿಸಿ ಬಾಡಿಗೆಗೆ ಬಿಡುವವರಿಗೆ ಒಳ್ಳೆಯ ಅವಕಾಶ. ಕೇಳುವ ಬೆಲೆ 14 ಲಕ್ಷ ಡಾಲರ್.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಒಂದೇ ವಿಳಾಸದ ಮನೆಯ ವರದಿ ಅಲ್ಲ. ಆ ಬಡಾವಣೆಯ ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಸೂರಿನಡಿ ತಂದು ಕಟ್ಟಿದ ಪ್ರಕರಣ. ಮನೆಯ ಬೆಲೆ, ಬಾಡಿಗೆ, ರಿಪೇರಿ ಖರ್ಚು ಲೆಕ್ಕ ತಿಳಿಯಲೆಂದು ಹಿಡಿದ ಅಂಕಿಗಳು. ಕಾನೂನು, ಇಸವಿ, ಕಚೇರಿಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ.

ಕೊಳ್ಳಲು ಹೊರಟವರು ಗಂಡ-ಹೆಂಡತಿ, ಇಬ್ಬರೂ ಸಂಬಳದ ಕೆಲಸದವರು. ಹೆಂಡತಿಯ ಅಣ್ಣ ಮೂರನೆಯ ಪಾಲುದಾರ. ಬ್ರೋಕರ್ ಕೊಟ್ಟ ಒಂದು ಪುಟದ ಲೆಕ್ಕ ಮೂವರಿಗೂ ಹಿಡಿಸಿತ್ತು. 14 ಲಕ್ಷಕ್ಕೆ ಕೊಳ್ಳಿ, 5 ಲಕ್ಷ ಹಾಕಿ ರಿಪೇರಿ ಮಾಡಿಸಿ, ನಾಲ್ಕು ಮನೆಗಳನ್ನೂ ತಿಂಗಳಿಗೆ 4,000 ಡಾಲರಿನಂತೆ ಬಿಡಿ. ವರ್ಷಕ್ಕೆ 1,92,000 ಬರುತ್ತದೆ. ಕಾಲುಭಾಗ ಖರ್ಚು ಕಳೆದರೆ 1,44,000. ಹಾಕಿದ 19 ಲಕ್ಷಕ್ಕೆ ವರ್ಷಕ್ಕೆ ಶೇ. 7.6. ಬ್ಯಾಂಕಿನ ಬಡ್ಡಿ ಶೇ. 7 ಇರುವಾಗ ಇದು ಕೈಹಿಡಿಯುವ ವ್ಯವಹಾರ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆ ಪುಟದಲ್ಲಿ ನನ್ನ ಕಣ್ಣಿಗೆ ಮೊದಲು ಚುಚ್ಚಿದ್ದು ರಿಪೇರಿಯ ಅಂಕಿ ಅಲ್ಲ. ನಾಲ್ಕು ಮನೆಗೂ 4,000 ಎಂದು ಬರೆದಿತ್ತು. ಒಂದರಲ್ಲಿ ಆಗಲೇ ಒಬ್ಬರು ವಾಸವಿದ್ದರು. ಅವರು ಕೊಡುತ್ತಿದ್ದ ಬಾಡಿಗೆ 900. ಅಂದರೆ ಅವರು ಹೊರಗೆ ಹೋಗಿರುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಲೆಕ್ಕದೊಳಗೆ ಸೇರಿಸಿಯಾಗಿತ್ತು.

ಮನೆಯೊಳಗೆ

ಎಂಜಿನಿಯರ್ ಜೊತೆಗೆ ಒಳಗೆ ಹೋದಾಗ ಎಲ್ಲರೂ ನೋಡುವುದು ಅಲಂಕಾರವನ್ನು: ಎತ್ತರದ ಚಾವಣಿ, ಕೆತ್ತನೆಯ ಬಾಗಿಲ ಚೌಕಟ್ಟು, ಅಮೃತಶಿಲೆಯ ಅಗ್ಗಿಷ್ಟಿಕೆ. ಆ ಎಂಜಿನಿಯರ್ ನೋಡಿದ್ದು ಕೋಣೆಗಳ ಮೂಲೆಗಳನ್ನು. ಎರಡನೆಯ ಅಂತಸ್ತಿನ ಮುಂಭಾಗದ ಕೋಣೆಯ ಮೂಲೆಯಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿ, ಮುಚ್ಚಳ ಹಾಕಿ ಬಿಗಿದ ಒಂದು ನೀರಿನ ಕೊಳವೆಯ ತುದಿ. ಪಕ್ಕದ ಕೋಣೆಯಲ್ಲೂ ಒಂದು. ಮೂರನೆಯ ಅಂತಸ್ತಿನಲ್ಲೂ ಅದೇ. ಅಡುಗೆಮನೆ, ಬಚ್ಚಲು ಬಿಟ್ಟು ಬರೀ ಕೋಣೆಗಳಲ್ಲೇ ಇಂಥ ಮೊಂಡು ನಳ ಎಂಟು ಸಿಕ್ಕವು. ಕೋಣೆಗಳ ಬಾಗಿಲಿಗೆ ಹತ್ತಾರು ಸಲ ಬಣ್ಣ ಬಳಿದಿದ್ದರೂ ಹಳೆಯ ಚಿಲಕದ ಗುರುತು, ಅಂಕಿ ಬಡಿದಿದ್ದ ಮೊಳೆಯ ತೂತು ಕೈಗೆ ತಾಗುತ್ತಿದ್ದವು.

ಒಂದು ಕುಟುಂಬ ಒಂದು ಅಂತಸ್ತಿನಲ್ಲಿ ಇರುವ ಮನೆಯಲ್ಲಿ ಮಲಗುವ ಕೋಣೆಗೆಲ್ಲ ಕೈತೊಳೆಯುವ ಬೇಸಿನ್ ಬೇಕಾಗುವುದಿಲ್ಲ, ಬಾಗಿಲಿಗೆ ನಂಬರೂ ಬೇಕಾಗುವುದಿಲ್ಲ. ಈ ಮನೆ ಒಂದು ಕಾಲಕ್ಕೆ ಕೋಣೆಗೊಬ್ಬರಂತೆ ಬಾಡಿಗೆಗೆ ಬಿಟ್ಟ ಮನೆಯಾಗಿತ್ತು. ರೂಮಿಂಗ್ ಹೌಸ್ ಎನ್ನುತ್ತಾರೆ.

ಅದಕ್ಕೊಂದು ಚರಿತ್ರೆ ಇದೆ. ಬೆಡ್‌ಫರ್ಡ್-ಸ್ಟೈವಸೆಂಟ್‌ನ ಈ ಸಾಲುಮನೆಗಳನ್ನು ಕಟ್ಟಿದ್ದು ಉಳ್ಳವರ ಒಂಟಿ ಕುಟುಂಬಗಳಿಗೆಂದು. 1936ರಲ್ಲಿ ಫುಲ್ಟನ್ ಬೀದಿಯ ಕೆಳಗೆ ಹೊಸ ಸುರಂಗ ರೈಲು ಓಡಿತು. ಅದೇ ನಗರದ ಕಿಕ್ಕಿರಿದಿದ್ದ ಹಾರ್ಲೆಮ್ ಬಡಾವಣೆಯಿಂದ ಕಪ್ಪು ಜನರ ಕುಟುಂಬಗಳು ಇತ್ತ ಬರತೊಡಗಿದವು. 1938ರ ಹೊತ್ತಿಗೆ ಫೆಡರಲ್ ಸರ್ಕಾರದ ಗೃಹಸಾಲ ಸಂಸ್ಥೆ ತಯಾರಿಸಿದ ನಕ್ಷೆಯಲ್ಲಿ ಈ ಬಡಾವಣೆಗೆ ಕೆಂಪು ಬಣ್ಣ ಬಿತ್ತು. ಕೆಂಪು ಬಿದ್ದ ಕಡೆ ಬ್ಯಾಂಕಿನ ಸಾಲ ಹುಟ್ಟುವುದು ಕಷ್ಟ. ಸಾಲ ಸಿಗದ ಮನೆಯನ್ನು ಉಳಿಸಿಕೊಳ್ಳಲು ಮಾಲೀಕರಿಗೆ ಇದ್ದ ದಾರಿ ಅದನ್ನು ಕೋಣೆ ಕೋಣೆಯಾಗಿ ಒಡೆದು ಬಾಡಿಗೆಗೆ ಬಿಡುವುದು. ಬೇರೆ ಕಡೆ ಮನೆ ಕೊಡದ ಊರಿನಲ್ಲಿ ಸಾವಿರಾರು ಜನರಿಗೆ ಆ ಒಂದೊಂದು ಕೋಣೆಯೇ ಆಸರೆಯಾಯಿತು. ಗೋಡೆಯ ಮೂಲೆಯ ಮೊಂಡು ನಳಕ್ಕೆ ಇಷ್ಟು ಹಿನ್ನೆಲೆ ಇದೆ.

ಕೊಳ್ಳುವವರ ಮಟ್ಟಿಗೆ ಅದು ಇನ್ನೊಂದು ಪ್ರಶ್ನೆಯನ್ನೂ ಎತ್ತಿತು, ಇಡೀ ಪ್ರಕರಣ ನಿಂತದ್ದು ಅದರ ಮೇಲೆಯೇ: ಆ ಕೋಣೆಗಳು ಎಲ್ಲಿಯವರೆಗೆ ಇದ್ದವು?

ಕಾಗದ

ನ್ಯೂಯಾರ್ಕಿನಲ್ಲಿ 1938ರ ನಂತರ ಕಟ್ಟಿದ ಅಥವಾ ಬಳಕೆ ಬದಲಾಯಿಸಿದ ಕಟ್ಟಡಕ್ಕೆ ವಾಸದ ಪ್ರಮಾಣಪತ್ರ, ಅಂದರೆ ಓಸಿ, ಬೇಕು. ಅದಕ್ಕಿಂತ ಹಳೆಯ ಕಟ್ಟಡ ಬದಲಾಗದೆ ಉಳಿದಿದ್ದರೆ ಓಸಿ ಇಲ್ಲದೆಯೂ ಇರಬಹುದು. ಈ ಮನೆಗೆ ಓಸಿ ಇತ್ತು. ಇಸವಿ 1982, ಬಳಕೆ ನಾಲ್ಕು ಕುಟುಂಬ. ಬ್ರೋಕರ್ ಅದರ ಪ್ರತಿಯನ್ನು ಹೆಮ್ಮೆಯಿಂದಲೇ ಕೊಟ್ಟಿದ್ದರು. ಅಕ್ರಮವಾಗಿ ಹೆಚ್ಚಿನ ಮನೆ ತುರುಕಿದ ಕಟ್ಟಡಗಳು ಸಾಕಷ್ಟಿರುವ ನಗರದಲ್ಲಿ ಕಾಗದಕ್ಕೂ ಕಟ್ಟಡಕ್ಕೂ ತಾಳೆಯಾಗುವುದು ದೊಡ್ಡ ವಿಷಯವೇ.

ಆದರೆ 1982ರ ಕಾಗದ 1982ರಿಂದ ಮುಂದಿನದನ್ನು ಮಾತ್ರ ಹೇಳುತ್ತದೆ. ಅದಕ್ಕೆ ಮೊದಲಿನದು ಬೇಕಾದರೆ ನಗರದ ವಸತಿ ಇಲಾಖೆಯಾದ ಎಚ್‌ಪಿಡಿಯ ಕಡತಕ್ಕೆ ಹೋಗಬೇಕು. ಅಲ್ಲಿ ಐ-ಕಾರ್ಡ್ ಎಂಬ ಹಳೆಯ ತಪಾಸಣಾ ಚೀಟಿಗಳಿವೆ. ಹಿಂದಿನ ಇನ್‌ಸ್ಪೆಕ್ಟರುಗಳು ಮನೆಮನೆಗೆ ಹೋಗಿ ಯಾವ ಅಂತಸ್ತಿನಲ್ಲಿ ಎಷ್ಟು ಕೋಣೆ, ಎಷ್ಟು ಜನ, ಕಕ್ಕಸು ಎಲ್ಲಿ ಎಂದು ಕೈಯಲ್ಲಿ ಬರೆದಿಟ್ಟ ದಾಖಲೆ. ಈಗ ಅವುಗಳ ಚಿತ್ರ ಕಂಪ್ಯೂಟರಿನಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ನಾಲ್ಕೈದು ನಿಮಿಷದ ಕೆಲಸ. ಇಷ್ಟು ಸುಲಭದ್ದನ್ನು ಕೊಳ್ಳುವವರು ಬಹಳ ಮಂದಿ ನೋಡುವುದೇ ಇಲ್ಲ ಎಂಬುದು ನನಗೆ ಇವತ್ತಿಗೂ ಸಂಕಟದ ವಿಷಯ.

ಈ ಮನೆಯ ಐ-ಕಾರ್ಡಿನಲ್ಲಿ 1968ರ ತಪಾಸಣೆಯ ಸಾಲಿತ್ತು: ‘ಬಿ’ ವರ್ಗದ ವಾಸ, ಎಂಟು ಬಾಡಿಗೆ ಕೋಣೆ, ಎರಡು ಮನೆ. 1929ರ ಬಹುವಾಸ ಕಟ್ಟಡ ಕಾನೂನಿನ ಪ್ರಕಾರ ‘ಎ’ ವರ್ಗವೆಂದರೆ ಕಾಯಂ ವಾಸದ ಮನೆಗಳು, ‘ಬಿ’ ಎಂದರೆ ಬಂದುಹೋಗುವವರಿಗೆ ಕೊಡುವ ಕೋಣೆಗಳು. ರೂಮಿಂಗ್ ಹೌಸ್ ಬರುವುದು ಈ ಎರಡನೆಯದರಲ್ಲಿ. ಆ ಸಾಲಿಗೂ 1982ರ ಓಸಿಗೂ ನಡುವೆ ಬಳಕೆ ಬದಲಾಯಿಸುವ ಯಾವ ಅರ್ಜಿಯೂ ಕಟ್ಟಡ ಇಲಾಖೆಯಲ್ಲಿ ಇರಲಿಲ್ಲ. ಅಂದರೆ 1974ರಲ್ಲಿ ಈ ಸೂರಿನಡಿ, ಎಂಟು ಕೋಣೆ ಮತ್ತು ಎರಡು ಮನೆ ಸೇರಿ, ಹತ್ತು ವಾಸಗಳಿದ್ದವು.

1974 ಏಕೆ ಮುಖ್ಯ ಎಂದರೆ, ಆ ವರ್ಷ ಬಂದ ತುರ್ತು ಬಾಡಿಗೆದಾರರ ರಕ್ಷಣಾ ಕಾಯ್ದೆಯ ಪ್ರಕಾರ 1974ರ ಜನವರಿ 1ಕ್ಕೆ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ವಾಸಗಳುಳ್ಳ ಕಟ್ಟಡಗಳು ಬಾಡಿಗೆ ಸ್ಥಿರೀಕರಣಕ್ಕೆ ಒಳಪಡುತ್ತವೆ. ಅಂಥ ಮನೆಗಳ ಬಾಡಿಗೆ ವರ್ಷಕ್ಕೆ ಎಷ್ಟು ಏರಬಹುದೆಂದು ನಗರದ ಮಂಡಳಿಯೊಂದು ಗೊತ್ತುಮಾಡುತ್ತದೆ; ಕರಾರು ಮುಗಿದಾಗ ನವೀಕರಿಸಿಕೊಳ್ಳುವುದು ಬಾಡಿಗೆದಾರರ ಹಕ್ಕು. ನಾಲ್ಕು ಆರಕ್ಕಿಂತ ಕಡಿಮೆ, ಹಾಗಾಗಿ ನಮಗೆ ಇದು ತಾಗದು ಎಂದು ಬ್ರೋಕರ್ ಹೇಳಿದ್ದರು, ಕೊಳ್ಳುವವರೂ ನಂಬಿದ್ದರು. ಲೆಕ್ಕ ಹಾಗಲ್ಲ. ಒಮ್ಮೆ ಆರು ವಾಸಗಳೊಡನೆ ಕಾನೂನಿನೊಳಗೆ ಬಂದ ಕಟ್ಟಡದಲ್ಲಿ ಆಮೇಲೆ ಗೋಡೆ ಒಡೆದು ನಾಲ್ಕು ಮನೆ ಮಾಡಿಕೊಂಡ ಮಾತ್ರಕ್ಕೆ ಅದು ಹೊರಗೆ ಬರುವುದಿಲ್ಲ. ಉಳಿದ ನಾಲ್ಕೂ ಸ್ಥಿರೀಕರಣದಲ್ಲೇ ಉಳಿಯುತ್ತವೆ. ಲೆಕ್ಕಕ್ಕೆ ಬಾಡಿಗೆ ಕೋಣೆಯೂ ಒಂದು ವಾಸವೇ. ಬದಲಾವಣೆ 1970ರಲ್ಲಿ ಆಗಿದ್ದರೆ ಒಂದು ಕಥೆ, 1982ರಲ್ಲಿ ಆದದ್ದರಿಂದ ಬೇರೆಯದೇ ಕಥೆ.

2019ರ ಜೂನ್ 14ರವರೆಗೆ ಇದರಿಂದ ಹೊರಬೀಳಲು ಮಾಲೀಕರಿಗೆ ದಾರಿಗಳಿದ್ದವು. ಮನೆ ಖಾಲಿಯಾದಾಗ ಬಾಡಿಗೆಗೆ ಹೆಚ್ಚುವರಿ ಏರಿಕೆ ಸೇರಿಸುತ್ತಾ, ರಿಪೇರಿಯ ಖರ್ಚನ್ನೂ ಏರಿಸುತ್ತಾ ಹೋಗಿ, ಒಂದು ಮಿತಿ ದಾಟಿದೊಡನೆ ಮನೆಯನ್ನು ಕಾನೂನಿನಿಂದ ಬಿಡಿಸಿಕೊಳ್ಳಬಹುದಿತ್ತು. ಆ ದಿನ ಬಂದ ರಾಜ್ಯದ ಹೊಸ ಕಾಯ್ದೆ ಖಾಲಿಯಾದಾಗಿನ ಏರಿಕೆಯನ್ನೂ ಮಿತಿ ದಾಟಿದರೆ ಬಿಡುಗಡೆ ಎಂಬ ನಿಯಮವನ್ನೂ ತೆಗೆದುಹಾಕಿತು. ಬ್ರೋಕರ್‌ರ ಹಾಳೆಯ ಲೆಕ್ಕ 2019ಕ್ಕೆ ಹಿಂದಿನ ಬುದ್ಧಿಯಲ್ಲೇ ನಿಂತಿತ್ತು.

ಮೇಲಿನ ಅಂತಸ್ತು

ಅಲ್ಲಿ ಇದ್ದವರು ಎಪ್ಪತ್ತು ದಾಟಿದ ಹಿರಿಯ ಹೆಣ್ಣುಮಗಳು. 1986ರಿಂದ ಅದೇ ಮನೆ. ಮಾರುವವರ ಒಪ್ಪಿಗೆ ಪಡೆದು ಮೇಲೆ ಹೋದಾಗ ಅವರು ಮೊದಲು ತೋರಿಸಿದ್ದು ರೇಡಿಯೇಟರನ್ನು. ನಗರದ ನಿಯಮದಂತೆ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಒಳಗೆ 68 ಡಿಗ್ರಿಯಾದರೂ ಇರಬೇಕು, ರಾತ್ರಿ 62. ಅವರ ಮನೆಯಲ್ಲಿ ಅಷ್ಟು ಬೆಚ್ಚಗೆ ಇರಲಿಲ್ಲ. ಶಾಖ ಇಲ್ಲದಿರುವುದು ಎಚ್‌ಪಿಡಿಯ ಪಟ್ಟಿಯಲ್ಲಿ ‘ಸಿ’ ದರ್ಜೆಯ ಉಲ್ಲಂಘನೆ, ಅಂದರೆ ಕೂಡಲೇ ಸರಿಪಡಿಸಬೇಕಾದ ಅಪಾಯ. ಅಂಥವು ಈ ಮನೆಯ ಹೆಸರಿನಲ್ಲಿ ತೀರದೆ ಉಳಿದಿದ್ದವು. ಮನೆ ಮಾರಿದರೆ ಉಲ್ಲಂಘನೆಗಳು ಮಾರಿದವರ ಜೊತೆ ಹೋಗುವುದಿಲ್ಲ, ಕಟ್ಟಡದ ಜೊತೆಯೇ ಉಳಿಯುತ್ತವೆ.

ರಾಜ್ಯದ ವಸತಿ ಇಲಾಖೆಯಾದ ಡಿಎಚ್‌ಸಿಆರ್ ಬಳಿ 1984ರಿಂದ ಪ್ರತಿಯೊಂದು ಸ್ಥಿರೀಕೃತ ಮನೆಯ ಬಾಡಿಗೆ ನೋಂದಣಿ ಇರುತ್ತದೆ. ಆ ಇತಿಹಾಸವನ್ನು ಕೊಳ್ಳುವವರು ಕೇಳಿದರೆ ಕೊಡುವುದಿಲ್ಲ. ಆ ಮನೆಯ ಬಾಡಿಗೆದಾರರು ಅಥವಾ ಮಾಲೀಕರು ಕೇಳಬೇಕು. ಮಾಲೀಕರು ಕೇಳಲು ಮನಸ್ಸು ಮಾಡಲಿಲ್ಲ. ಆ ಹಿರಿಯರು ತಮಗಾಗಿಯೇ ತರಿಸಿಕೊಂಡರು. ಅವರ ಮನೆ ‘ಸ್ಥಿರೀಕೃತ’ ಎಂದೇ 1984ರಿಂದ 2003ರವರೆಗೆ ನೋಂದಣಿಯಾಗಿತ್ತು. ಆ ವರ್ಷದ ಕಾನೂನುಬದ್ಧ ಬಾಡಿಗೆ 712 ಡಾಲರ್. ಆಮೇಲೆ ಪುಟ ಖಾಲಿ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿರಲಿಲ್ಲ. ನಾಲ್ಕೇ ಕುಟುಂಬದ ಮನೆ ಕಾನೂನಿಗೆ ಹೊರಗು ಎನ್ನುವುದಾದರೆ, ನಾಲ್ಕು ಕುಟುಂಬದ ಓಸಿ ಬಂದ ಎರಡು ವರ್ಷಕ್ಕೆ ಅಂದಿನ ಮಾಲೀಕರು ಅದನ್ನು ಸ್ಥಿರೀಕೃತವೆಂದು ನೋಂದಾಯಿಸುತ್ತಿದ್ದರೇಕೆ? ಅವರಿಗೆ ಮನೆಯ ಚರಿತ್ರೆ ಗೊತ್ತಿತ್ತು.

ನೋಂದಣಿ ನಿಲ್ಲಿಸಿದ ಮಾಲೀಕರು, ಮತ್ತೆ ನೋಂದಾಯಿಸುವವರೆಗೆ, ಕೊನೆಯ ನೋಂದಣಿಗಿಂತ ಹೆಚ್ಚು ಬಾಡಿಗೆ ವಸೂಲು ಮಾಡುವಂತಿಲ್ಲ. ಅವರು ಪಡೆಯುತ್ತಿದ್ದದ್ದು 900. ತಿಂಗಳಿಗೆ 188 ಡಾಲರ್ ಹೆಚ್ಚು. 2019ರ ಕಾಯ್ದೆ ಆರು ವರ್ಷ ಹಿಂದಕ್ಕೆ ಹೋಗಿ ಹೆಚ್ಚುವರಿಯನ್ನು ಕೇಳಲು ಅವಕಾಶ ಕೊಟ್ಟಿದೆ: 72 ತಿಂಗಳಿಗೆ 13,536. ಬೇಕೆಂದೇ ಮಾಡಿದ್ದೆಂದು ತೀರ್ಮಾನವಾದರೆ ಮೂರು ಪಟ್ಟು, 40,608. ಇದನ್ನು ಕೊಡಬೇಕಾದವರು ಯಾರು ಎಂದು ಅಣ್ಣ ಕೇಳಿದರು. ಆ ಹೊತ್ತಿನ ಮಾಲೀಕರು. ಹಿಂದಿನವರು ಪಡೆದ ಹೆಚ್ಚುವರಿ ಬಾಡಿಗೆಯ ಹೊಣೆಯೂ ಕ್ರಯಪತ್ರದ ಜೊತೆಯಲ್ಲೇ ಕೊಂಡವರ ಹೆಗಲಿಗೆ ಬರುತ್ತದೆ.

ಆ ದಿನ ಕೆಳಗಿಳಿದು ಬಂದ ಮೇಲೆ ಅಣ್ಣ ಅಂದರು, “ಮೂರು ಮನೆ ಸರಿ ಮಾಡಿಸೋಣ. ಮೇಲಿನವರಿಗೆ ವಯಸ್ಸಾಯ್ತು, ಇನ್ನೆಷ್ಟು ದಿನ? ಇಲ್ಲಾಂದ್ರೆ ಒಂದಷ್ಟು ದುಡ್ಡು ಕೊಟ್ಟು ಬಿಡಿಸೋಣ.” ತಂಗಿ ತಡಮಾಡಲಿಲ್ಲ. “ಅಣ್ಣ, ಅವರು ಯಾವಾಗ ಹೋಗ್ತಾರೆ ಅಂತ ಕಾಯ್ಕೊಂಡು ಕೂರೋ ವ್ಯಾಪಾರ ನನಗೆ ಬೇಡ.” ಆ ಮಾತಿಗೆ ನನ್ನ ಪೂರ್ತಿ ಸಮ್ಮತಿ ಇದೆ. ದುಡ್ಡು ಕೊಟ್ಟು ಬಿಡಿಸುವುದನ್ನು ಕಾನೂನು ನಿಷೇಧಿಸಿಲ್ಲ. ಆದರೆ ಬೇಡ ಎಂದು ಬರೆದುಕೊಟ್ಟವರನ್ನು 180 ದಿನ ಮತ್ತೆ ಕೇಳಿದರೆ ಅದು ಕಿರುಕುಳ. ಸ್ವಂತ ವಾಸಕ್ಕೆ ಬೇಕೆಂದು ಬಿಡಿಸುವ ದಾರಿಯೂ ಕಿರಿದಾಗಿದೆ: ತೀರಾ ಅಗತ್ಯವಿದ್ದರೆ ಒಂದೇ ಮನೆ, ಅದೂ ಹದಿನೈದು ವರ್ಷ ವಾಸವಿದ್ದವರನ್ನು ಅಥವಾ ಹಿರಿಯರನ್ನು ಬಿಡಿಸಬೇಕಾದರೆ ಹತ್ತಿರದಲ್ಲೇ ಅಂಥದೇ ಬಾಡಿಗೆಯ ಅಂಥದೇ ಮನೆ ಒದಗಿಸಬೇಕು. ಸುಮಾರು ನಲವತ್ತು ವರ್ಷ ಒಂದೇ ಅಂತಸ್ತಿನಲ್ಲಿ ಬಾಳಿದವರಿಗೆ ಕಾನೂನು ಇಷ್ಟಾದರೂ ಬೆನ್ನಿಗೆ ನಿಂತಿರುವುದು ಸರಿಯಾದದ್ದೇ.

ಒಂದು ಬಾಗಿಲು ಇನ್ನೂ ಇತ್ತು. ಶಿಥಿಲವಾದ ಕಟ್ಟಡದ ವ್ಯವಸ್ಥೆಗಳಲ್ಲಿ ಶೇ. 75ರಷ್ಟನ್ನಾದರೂ ಪೂರ್ತಿ ಹೊಸದಾಗಿ ಹಾಕಿದರೆ, ‘ಗಣನೀಯ ಪುನರ್ನಿರ್ಮಾಣ’ ಎಂಬ ಹೆಸರಿನಲ್ಲಿ ಮನೆಗಳು ಸ್ಥಿರೀಕರಣದಿಂದ ಹೊರಬರಬಹುದು. ವಕೀಲರು ಇದನ್ನು ಎರಡು ದಿನ ಕೂತು ನೋಡಿದರು. ಕಟ್ಟಡ ಶಿಥಿಲವಾಗಿತ್ತೆಂದು ಕಾನೂನು ತಾನಾಗಿ ಒಪ್ಪಬೇಕಾದರೆ ಕೆಲಸ ಶುರುವಾಗುವಾಗ ಶೇ. 80ರಷ್ಟು ಖಾಲಿ ಇರಬೇಕು. ನಾಲ್ಕರಲ್ಲಿ ಮೂರು ಎಂದರೆ ಶೇ. 75. ಉಳಿದ ಶೇ. 5ಕ್ಕಾಗಿ ಎಂಜಿನಿಯರ್ ವರದಿ, ಫೋಟೋ, ಹಳೆಯ ಉಲ್ಲಂಘನೆಗಳ ಪಟ್ಟಿ ಎಲ್ಲ ಒಟ್ಟುಮಾಡಿ ವಾದಿಸಬೇಕು. ಗೆದ್ದರೂ ಒಳಗಿರುವ ಬಾಡಿಗೆದಾರರ ಮನೆ ಅವರಿರುವವರೆಗೆ ಸ್ಥಿರೀಕೃತವೇ. ಸೋತರೆ ಲಕ್ಷಗಟ್ಟಲೆ ಸುರಿದ ಮೇಲೆ ಸೋತ ಹಾಗೆ, ಏಕೆಂದರೆ ತೀರ್ಪು ಬರುವುದು ಕೆಲಸ ಮುಗಿದ ನಂತರ.

ಕಲ್ಲು, ತೊಲೆ, ಕೊಳವೆ

ಕಟ್ಟಡದ ಬಗ್ಗೆ ಹೇಳಬೇಕಾದದ್ದು ಇನ್ನೂ ಇದೆ, ಏಕೆಂದರೆ ಕೋಣೆಗಳ ಕಾಲ ಬಿಟ್ಟುಹೋದ ಪೆಟ್ಟು ಬರೀ ಕಾಗದಕ್ಕಲ್ಲ.

ಇಂಥ ಮನೆಗಳಲ್ಲಿ ಮರದ ತೊಲೆಗಳು ಎಡದ ಗೋಡೆಯಿಂದ ಬಲದ ಗೋಡೆಗೆ ಹಾಯ್ದಿರುತ್ತವೆ. ಆ ಎರಡೂ ಪಕ್ಕದ ಮನೆಯವರೊಡನೆ ಹಂಚಿಕೊಂಡ ಜಂಟಿ ಗೋಡೆಗಳು; ಅವರಿಗೆ ತಿಳಿಸದೆ ಅವನ್ನು ಕೆದಕುವಂತಿಲ್ಲ. ಕೋಣೆಗೊಂದು ಬೇಸಿನ್ ಕೂರಿಸಿದ ಕಾಲದಲ್ಲಿ ಕೊಳವೆಗೆ ದಾರಿ ಮಾಡಲು ಕೊಳಾಯಿ ಕೆಲಸದವರು ತೊಲೆಗಳ ಮೇಲ್ಭಾಗವನ್ನು, ಕೆಲವೆಡೆ ಕೆಳಭಾಗವನ್ನು, ಕಚ್ಚು ಹೊಡೆದು ಕತ್ತರಿಸಿದ್ದರು. ಮೂರನೆಯ ಅಂತಸ್ತಿನ ನೆಲ ಮೆಟ್ಟಿಲಿನ ಕಡೆಗೆ ಜಗ್ಗಿದ್ದಕ್ಕೆ ಕಾರಣ ಅದು. ಮೆಟ್ಟಿಲಿಗೆಂದು ಬಿಟ್ಟ ತೆರಪಿನ ಸುತ್ತ ತೊಲೆಗಳ ತುದಿ ಅಡ್ಡತೊಲೆಗೆ ಆತಿರುತ್ತದೆ. ಆ ಅಡ್ಡತೊಲೆ ಸೋತರೆ ಮನೆಯ ನಡುಭಾಗವೇ ಕೆಳಗಿಳಿಯುತ್ತದೆ. ಹೊಸ ಮರದ ಹಾಸು ಹಾಕಿದರೆ ಈ ಜಗ್ಗು ಮುಚ್ಚುತ್ತದೆ, ವಾಸಿಯಾಗುವುದಿಲ್ಲ. ಹಳೆಯದರ ಪಕ್ಕಕ್ಕೆ ಹೊಸ ತೊಲೆ ಜೋಡಿಸಿ ಬೋಲ್ಟು ಬಿಗಿಯಬೇಕು. ಅದಕ್ಕೆ ಚಾವಣಿ ಕಳಚಬೇಕು. ಮೇಲಿನವರು ವಾಸವಿರುವಾಗಲೇ ಅವರ ಕಾಲಕೆಳಗಿನ ತೊಲೆಗಳ ಕೆಲಸ ನಡೆಯಬೇಕು. ಅವರಿಗೆ ನೀರು, ಶಾಖ, ಮೆಟ್ಟಿಲು ಒಂದು ದಿನವೂ ತಪ್ಪದಂತೆ ಕೆಲಸ ಹಂತ ಹಂತವಾಗಿ ಆಗಬೇಕು. ಬ್ರೋಕರ್‌ರ 5 ಲಕ್ಷದಲ್ಲಿ ಇದಾವುದೂ ಇರಲಿಲ್ಲ.

ಮುಂಭಾಗದ ಕಂದು ಕಲ್ಲು ಗೋಡೆಯೇ ಅಲ್ಲ. ಹಿಂದೆ ಇಟ್ಟಿಗೆ, ಮುಂದೆ ಕೆಲವೇ ಅಂಗುಲ ದಪ್ಪದ ಮರಳುಗಲ್ಲಿನ ಹೊದಿಕೆ. ಈ ನಗರಕ್ಕೆ ಅಂಥ ಕಲ್ಲು ಬಹಳಷ್ಟು ಬಂದದ್ದು ಕನೆಕ್ಟಿಕಟ್ ರಾಜ್ಯದ ಪೋರ್ಟ್‌ಲೆಂಡ್ ಊರಿನ ಗಣಿಗಳಿಂದ. ಪದರ ಪದರವಾಗಿ ಹುಟ್ಟಿದ ಕಲ್ಲನ್ನು ಪದರ ನೆಟ್ಟಗೆ ನಿಲ್ಲುವ ಹಾಗೆ ಕೂರಿಸಿದ್ದರಿಂದ ನೀರು ಒಳಸೇರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತದೆ. ಮನೆ ಇದ್ದದ್ದು ಸ್ಟೈವಸೆಂಟ್ ಹೈಟ್ಸ್ ಪಾರಂಪರಿಕ ಪ್ರದೇಶದೊಳಗೆ. 1971ರಲ್ಲೇ ಗುರುತಿಸಿದ ಪ್ರದೇಶ ಅದು. ಹಾಗಾಗಿ ಮುಂಭಾಗದ ತೇಪೆ, ಕಿಟಕಿ, ತಗಡಿನ ಸೂರಂಚು ಯಾವುದಕ್ಕೆ ಕೈಹಾಕಬೇಕಾದರೂ ಲ್ಯಾಂಡ್‌ಮಾರ್ಕ್ಸ್ ಆಯೋಗದ ಅನುಮತಿ ಬೇಕು.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಬೀದಿಯ ಮುಖ್ಯ ಕೊಳವೆಯಿಂದ ಮನೆಗೆ ಬರುವ ನೀರಿನ ಕೊಳವೆ ಸೀಸದ್ದು. ಅದು ನಗರದ್ದಲ್ಲ, ಮನೆಯವರದೇ. ಕೆಲಸದ ಪರ್ಮಿಟ್ ಸಿಗಲು ಮೊದಲು ಕಲ್ನಾರಿನ ತಪಾಸಣೆ ಆಗಬೇಕು. ಬಾಯ್ಲರಿನ ಹಳೆಯ ಕೊಳವೆಗಳ ಸುತ್ತ ಅದು ಇತ್ತು. 1960ಕ್ಕೆ ಮೊದಲಿನ ಮನೆಯಾದ್ದರಿಂದ ಬಣ್ಣದಲ್ಲಿ ಸೀಸ ಇದೆಯೆಂದೇ ಹಿಡಿದು ಕೆಲಸ ಮಾಡಬೇಕು. ನೆಲಮಾಳಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ರಸ್ತೆಯ ಮಟ್ಟಕ್ಕಿಂತ ಕೆಳಗಿತ್ತು, ಆದ್ದರಿಂದ ಅದನ್ನೂ ಬಾಡಿಗೆಗೆ ಬಿಡುವ ‘ಐದನೆಯ ಮನೆ’ ಎಂಬ ಬ್ರೋಕರ್‌ರ ಸೂಚನೆಯನ್ನು ಅಲ್ಲಿಗೇ ಬಿಟ್ಟೆವು.

ಮೂರು ಲೆಕ್ಕ

ನಾಲ್ಕು ಅಂತಸ್ತು ಸೇರಿ 3,600 ಚದರಡಿ. ಚದರಡಿಗೆ 200 ಡಾಲರಿನಂತೆ ರಿಪೇರಿ 7,20,000. ಅದರ ಮೇಲೆ ಅನಿರೀಕ್ಷಿತ ಖರ್ಚಿಗೆಂದು ಶೇ. 15, ಅಂದರೆ 1,08,000. ವಾಸ್ತುಶಿಲ್ಪಿ, ಪರ್ಮಿಟ್, ಕಲ್ನಾರು ತೆಗೆಸುವುದು 90,000. ಕೊಳ್ಳುವಾಗಿನ ಖರ್ಚು 50,000. ಕೆಲಸ ಮುಗಿಯುವ ಒಂದು ವರ್ಷ ಬಾಡಿಗೆ ಬಾರದೆ ಸಾಲದ ಬಡ್ಡಿ, ತೆರಿಗೆ, ವಿಮೆಗೆ 1,05,500. ಮನೆಯ 14 ಲಕ್ಷವೂ ಸೇರಿ ಒಟ್ಟು 24,73,500. ಹಾಳೆಯಲ್ಲಿದ್ದ 19 ಲಕ್ಷ ಇಲ್ಲಿಗೆ ಬಂದು ನಿಂತಿತು.

ಖಾಲಿ ಇರುವ ಮೂರೂ ಮನೆ ಕಾನೂನಿನ ಹಿಡಿತದಲ್ಲಿಲ್ಲ ಎಂದೇ ಇಟ್ಟುಕೊಳ್ಳಿ. ಮೂರಕ್ಕೆ 4,000, ಮೇಲಿನವರ 712. ವರ್ಷಕ್ಕೆ 1,52,544. ಖಾಲಿ ಬೀಳುವ ತಿಂಗಳುಗಳಿಗೆ ಶೇ. 5 ಕಳೆದು, ತೆರಿಗೆ-ವಿಮೆ-ನೀರು-ಶಾಖ-ರಿಪೇರಿಗೆ 60,000 ತೆಗೆದರೆ ಉಳಿಯುವುದು ಸುಮಾರು 84,900. ಹಾಕಿದ ಹಣಕ್ಕೆ ಶೇ. 3.4. ನಾಲ್ಕು ಕುಟುಂಬದ ಮನೆಗೆ ಮೂರು ಕುಟುಂಬದವರೆಗಿನ ಮನೆಗಿಂತ ಬೇರೆ ತೆರಿಗೆ ವರ್ಗವಿದೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಮೂರರವರೆಗಿನ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 6, ಐದು ವರ್ಷಕ್ಕೆ ಶೇ. 20 ಮೀರಿ ಏರುವಂತಿಲ್ಲ. ನಾಲ್ಕರಿಂದ ಹತ್ತರವರೆಗಿನದಕ್ಕೆ ಆ ಮಿತಿ ಶೇ. 8 ಮತ್ತು ಶೇ. 30. ಹೊಸದಾಗಿ ಕಟ್ಟಿಸಿದ ಭಾಗಕ್ಕೆ ಆ ರಕ್ಷಣೆಯೂ ಇಲ್ಲ.

ಈಗ ನಾಲ್ಕೂ ಸ್ಥಿರೀಕೃತ ಎಂದು ಹಿಡಿಯೋಣ. ಕಾಗದಗಳು ಹೇಳುವುದು ಅದನ್ನೇ. ಖಾಲಿ ಮನೆಗೆ ಹಾಕಿದ ಖರ್ಚನ್ನು ಬಾಡಿಗೆಗೆ ಸೇರಿಸಲು ಮಿತಿ ಇದೆ. 2019ರಲ್ಲಿ ಅದು 15,000 ಡಾಲರ್ ಇತ್ತು. 2024ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ 30,000, ಕೆಲವು ಷರತ್ತು ಪೂರೈಸಿದರೆ 50,000. ಸಣ್ಣ ಕಟ್ಟಡದಲ್ಲಿ 30,000 ಖರ್ಚಿಗೆ ಅದರ 168ನೇ ಒಂದು ಭಾಗ ತಿಂಗಳ ಬಾಡಿಗೆಗೆ ಕೂಡುತ್ತದೆ. 179 ಡಾಲರ್. ಒಂದೊಂದು ಅಂತಸ್ತಿಗೆ 1,80,000 ಸುರಿದರೂ ಅಷ್ಟೇ. ಹಳೆಯ ಬಾಡಿಗೆ ಧಾರಾಳವಾಗಿ 1,100 ಎಂದು ಹಿಡಿದರೆ ಹೊಸದು 1,279. ಅಂಥ ಮೂರು, ಮೇಲಿನ 712, ವರ್ಷಕ್ಕೆ 54,588. ಖರ್ಚೇ 60,000. ಸಾಲದ ಕಂತಿಗೆ ಒಂದು ಕಾಸಿಲ್ಲ, ಮೇಲಿಂದ 5,412 ಕೈಯಿಂದ ಹಾಕಬೇಕು.

ಮಾರುವವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಮನೆ ಬಂದದ್ದು ಪಿತ್ರಾರ್ಜಿತವಾಗಿ. ಎಷ್ಟೋ ಸಂಗತಿ ಅವರಿಗೂ ತಿಳಿದಿರಲಿಲ್ಲ. ಆದರೆ ಐ-ಕಾರ್ಡು ಕೈಗೆ ಕೊಟ್ಟ ಮೇಲೂ ಬ್ರೋಕರ್ ಆ ಹಾಳೆಯನ್ನು ತಿದ್ದದೆ ಮುಂದಿನವರಿಗೆ ಕೊಡುವುದಾಗಿ ಹೇಳಿದ್ದನ್ನು ನಾನು ಒಪ್ಪಲಾರೆ.

ಕೊಟ್ಟ ಪತ್ರ

ಮೂವರೂ ಕೂತು ಬರೆಸಿದ ಪತ್ರದಲ್ಲಿ ಬೆಲೆ 10 ಲಕ್ಷ. ಅದಕ್ಕೆ ಷರತ್ತುಗಳಿದ್ದವು. ಖಾಲಿ ಮನೆಗಳು ಸ್ಥಿರೀಕರಣಕ್ಕೆ ಒಳಪಡುತ್ತವೋ ಇಲ್ಲವೋ ಎಂದು ಮಾಲೀಕರೇ ಡಿಎಚ್‌ಸಿಆರ್‌ನಿಂದ ತೀರ್ಮಾನ ತರಿಸಬೇಕು. ಒಳಪಡುತ್ತವೆ ಎಂದಾದರೆ ಮುಂಗಡ ವಾಪಸು, ವ್ಯವಹಾರ ರದ್ದು. ನಾಲ್ಕೂ ಮನೆಯ ಬಾಡಿಗೆ ಇತಿಹಾಸವನ್ನು ಕರಾರಿಗೆ ಲಗತ್ತಿಸಬೇಕು. ಮೇಲಿನವರಿಗೆ ಹಿಂದಿರುಗಿಸಬೇಕಾಗಬಹುದಾದ 41,000 ಡಾಲರ್ ಮಾರಾಟದ ಹಣದಲ್ಲಿ ಮೂರನೆಯವರ ಬಳಿ ತಡೆದಿಡಬೇಕು. ಬಾಯ್ಲರ್ ರಿಪೇರಿ ಕ್ರಯಕ್ಕೆ ಮೊದಲೇ ಆಗಬೇಕು. ಕೊನೆಯದನ್ನು ತಂಗಿಯೇ ಹಟ ಹಿಡಿದು ಸೇರಿಸಿದ್ದು.

10 ಲಕ್ಷಕ್ಕೆ ಸಿಕ್ಕು, ಮೂರು ಮನೆ ನಿಜಕ್ಕೂ ಕಾನೂನಿಗೆ ಹೊರಗಾಗಿದ್ದರೂ ಆದಾಯ ಶೇ. 4.2 ದಾಟುತ್ತಿರಲಿಲ್ಲ. ಅದಕ್ಕಿಂತ ಮೇಲೆ ಹೋಗಬೇಡಿ ಎಂದು ನಾನು ಕೈಹಿಡಿದು ಹೇಳಿದ್ದು ಅದಕ್ಕೇ.

ಮಾರುವವರು ಡಿಎಚ್‌ಸಿಆರ್ ಷರತ್ತಿಗೆ ಒಪ್ಪಲಿಲ್ಲ. ಬೆಲೆ ಇಳಿಸುವ ಮಾತಿಗೆ ಬಂದರು, 12 ಲಕ್ಷದವರೆಗೆ. ಆದರೆ ಕಾಗದದ ಪ್ರಶ್ನೆಯನ್ನು ಕೊಳ್ಳುವವರೇ ಹೊರಬೇಕು ಎಂದರು. ಅಲ್ಲಿಗೆ ಮಾತು ಮುರಿಯಿತು. ತಪಾಸಣೆ, ವಕೀಲರು, ಎಂಜಿನಿಯರ್ ಸೇರಿ ಮೂವರಿಗೆ ಕೆಲವು ಸಾವಿರ ಡಾಲರ್ ಖರ್ಚಾಗಿತ್ತು. ಅಣ್ಣನಿಗೆ ಅದು ಕೆಲವು ದಿನ ಕೊರೆಯಿತು.

ಈ ಮನೆ ಯಾರಿಗೂ ಬೇಡದ ಮನೆ ಎಂದು ನಾನು ಹೇಳುವುದಿಲ್ಲ. ಕೆಳಗಿನ ಎರಡು ಅಂತಸ್ತಿನಲ್ಲಿ ತಾವೇ ವಾಸವಿದ್ದು, ಮೇಲಿನವರನ್ನು ನೆರೆಯವರೆಂದು ಕಂಡು, ತೊಲೆ ಮತ್ತು ಬಾಯ್ಲರ್‌ನಿಂದ ಶುರುಮಾಡಿ ವರ್ಷಕ್ಕಿಷ್ಟು ಎಂದು ಸರಿಪಡಿಸಿಕೊಂಡು ಹೋಗುವ ಕುಟುಂಬಕ್ಕೆ, 8 ಲಕ್ಷದ ಆಸುಪಾಸಿನಲ್ಲಿ ಇದು ಗಟ್ಟಿಯಾದ ಮನೆ. ನಾಲ್ಕು ವಾಸದವರೆಗಿನ ಕಟ್ಟಡಕ್ಕೆ ಮನೆಸಾಲವೇ ಸಿಗುತ್ತದೆ, ವಾಣಿಜ್ಯ ಸಾಲ ಬೇಡ. ತಾವೇ ವಾಸವಿರುವವರಿಗೆ ಕೊಳ್ಳುವ ಹಣವನ್ನೂ ರಿಪೇರಿಯ ಹಣವನ್ನೂ ಸೇರಿಸಿ ಕೊಡುವ 203-ಕೆ ಎಂಬ ಫೆಡರಲ್ ವಿಮೆಯ ಸಾಲವೂ ಇದೆ. ಮೂರು-ನಾಲ್ಕು ವಾಸದ ಕಟ್ಟಡಕ್ಕೆ ಮಾತ್ರ ಬಾಡಿಗೆಯಿಂದಲೇ ಕಂತು ತೀರುತ್ತದೆಯೇ ಎಂಬ ಪರೀಕ್ಷೆಯನ್ನು ದಾಟಬೇಕು, ಈ ಬಾಡಿಗೆಗಳಲ್ಲಿ ಅದು ಕಷ್ಟ. ಹಾಗಾಗಿ ಕೈಯಲ್ಲಿ ಹೆಚ್ಚು ಮುಂಗಡವಿದ್ದು ಸಾಮಾನ್ಯ ಮನೆಸಾಲ ಪಡೆಯಬಲ್ಲ ಕುಟುಂಬವೇ ಆಗಬೇಕು.

ಮೇಲಿನ ಅಂತಸ್ತಿನವರು ಬಾಡಿಗೆ ಇತಿಹಾಸದ ಪ್ರತಿಯೊಡನೆ ಡಿಎಚ್‌ಸಿಆರ್‌ಗೆ ಹೆಚ್ಚುವರಿ ವಸೂಲಿಯ ದೂರು ಕೊಟ್ಟಿದ್ದಾರೆ, ಶಾಖದ ಬಗ್ಗೆ ನಗರಕ್ಕೆ ಬೇರೆ ದೂರು. ಎರಡನೆಯದರ ತಪಾಸಣೆ ಆಗಿ ಬಾಯ್ಲರಿಗೆ ಹೊಸ ಬರ್ನರ್ ಬಂದಿದೆ. ಮೊದಲನೆಯದು ನಡೆಯುತ್ತಿದೆ.